ಸಹಾಯ ಬೇಕು: ಕೊಟ್ಟಿಗೆ ಗೊಬ್ಬರ ಹಾಕಿದರೆ ಯೂರಿಯಾ ಎಷ್ಟು ಇಳಿಸಬೇಕು?

ನಮಸ್ಕಾರ. ಶಿರಸಿ ಹತ್ತಿರ ನಮ್ಮದು ಒಂದು ಎಕರೆ ಭತ್ತದ ಗದ್ದೆ. ಹೋದ ಮಳೆಗಾಲ ನಾಟಿಗೆ ಮುಂಚೆ ಎರಡು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹಾಕಿದೆ. ಅದರಲ್ಲಿದ್ದ ದರಕು (ಒಣ ಎಲೆ) ಸರಿಯಾಗಿ ಕೊಳೆತಿರಲಿಲ್ಲ. ಸಸಿ ಹಳದಿಯಾಯಿತು. ಹೆದರಿ 45 ಕೆಜಿ ಚೀಲದ ಯೂರಿಯಾ ಒಂದೇ ಸಲ ಚೆಲ್ಲಿದೆ. ಮರುದಿನವೇ ಜಡಿಮಳೆ! ಅರ್ಧ ಹಳ್ಳಕ್ಕೇ ಹೋಯಿತು ಅನ್ನಿ. ಆಮೇಲೆ ಗೊಬ್ಬರ ಕರಗಿತೋ ಏನೋ, ಪೈರು ಸೊಕ್ಕಿ ಬೆಳೆದು ತೆನೆ ಬರುವಾಗ ಮಲಗಿಬಿಟ್ಟಿತು. ಜೊಳ್ಳೇ ಜಾಸ್ತಿ.

ಈ ಸಲ ಗೊಬ್ಬರ ಕಪ್ಪಗೆ ಚೆನ್ನಾಗಿ ಕೊಳೆತಿದೆ. ಯೂರಿಯಾದಲ್ಲಿ ಸಾರಜನಕ ಶೇ. 46 ಅಂತ ಚೀಲದ ಮೇಲೇ ಇದೆ. ಗೊಬ್ಬರದ ಲೆಕ್ಕವೇ ತಿಳಿಯುತ್ತಿಲ್ಲ. ಯೂರಿಯಾ ಪೂರ್ತಿ ಬಿಡಲು ಧೈರ್ಯವಿಲ್ಲ. ಎರಡು ಟ್ರ್ಯಾಕ್ಟರ್ ಗೊಬ್ಬರ ಹಾಕಿದರೆ ಎಷ್ಟು ಕೆಜಿ ಯೂರಿಯಾ ಕಮ್ಮಿ ಮಾಡಬಹುದು? ಉಳಿದದ್ದನ್ನು ನಾಟಿಯಾದ ಎಷ್ಟನೇ ದಿನ ಹಾಕಬೇಕು? ಮಾಡಿ ನೋಡಿದವರು ಹೇಳಿ.