ಓದುಗರ ಸ್ಪಂದನ: ‘ಮಿಲಿಟರಿಗೆ ಹೋಗಿ ಬಂದ್ರ ಸರಕಾರಿ ನೌಕರಿ ಗ್ಯಾರಂಟಿ ಏನ್ರಿ?’

(ಶಿರಹಟ್ಟಿ ಕಡಿ ತಾಯಿಯೊಬ್ರು ಕೇಳಿದ್ರು: ಮಗ ಪಿಯುಸಿ ಮುಗಿಸ್ಯಾನ, ಧಾರವಾಡದ ಪೊಲೀಸ್ ಕೋಚಿಂಗ್ ಬಿಟ್ಟು ನಾಕ್ ವರ್ಷದ ಮಿಲಿಟರಿ ಭರ್ತಿ ಅಗ್ನಿವೀರ್‌ಗೆ ಹೊಂಟಾನ, ನಾಕ್ ವರ್ಷ ಆದಮ್ಯಾಲೆ ಮಾಜಿ ಸೈನಿಕರ ಕೋಟಾದಾಗ ನೌಕರಿ ಪಕ್ಕಾ ಅಂತಾನ, ಕಳಸ್ಲೋ ಬ್ಯಾಡೋ?)

ಅಕ್ಕಾರ, ಕಳಸ್ರಿ, ಆದ್ರ ಆ ‘ಪಕ್ಕಾ’ ಅನ್ನೂದನ್ನ ಮೊದ್ಲು ಅವನ ತಲ್ಯಾಗಿಂದ ತಗೀರಿ. ನಾವು 15 ವರ್ಷ ಸರ್ವಿಸ್ ಮಾಡಿ ಪೆನ್ಶನ್ ತಗೊಂಡು ಬಂದು ಡಿಸ್ಚಾರ್ಜ್ ಬುಕ್ ಹಿಡ್ಕೊಂಡು ಅರ್ಜಿ ಹಾಕಿದವ್ರು, ರಾಜ್ಯದಾಗ ಮಾಜಿ ಸೈನಿಕರಿಗೆ ನೂರಕ್ಕ 10 ಮೀಸಲಾತಿ, ವಯಸ್ಸಿಗೆ ಸರ್ವಿಸ್ ಮಾಡಿದಷ್ಟು ವರ್ಷ ಮತ್ತ ಮ್ಯಾಲೆ 3 ವರ್ಷ ಸಡಿಲಿಕಿ, ಹಂಗ ನಾನು ಈಗ ಎಸ್‌ಡಿಎ (ಸರಕಾರಿ ಗುಮಾಸ್ತ) ಆಗಿ ಕುಂತೀನಿ. ಊರ ಹುಡುಗ್ರು ನನ್ನ ನೋಡಿ ಲೆಕ್ಕಾ ಹಾಕ್ತಾವ. ಆದ್ರ 2022ರ ಜೂನ್‌ನಾಗ ಬಂದ ಅಗ್ನಿಪಥ, ಅಂದ್ರ ಅಗ್ನಿವೀರರ ಭರ್ತಿ ಯೋಜನೆದ ಷರತ್ತಿನಾಗ ನಾಕ್ ವರ್ಷಕ್ಕ ಹೊರಗ ಬಂದವಗ ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಿಲಿಟರಿ ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಅನ್ನೂ ಸ್ಟೇಟಸ್ಸೂ ಇಲ್ಲ ಅಂತ ಬರದೈತಿ. ನೂರಕ್ಕ 25 ಮಂದಿನ್ನ ಇಟ್ಕೋತಾರ, ಅವರ್ದು ಮತ್ತ ಕಮ್ಮಿ ಅಂದ್ರ 15 ವರ್ಷ ಸರ್ವಿಸ್. ಉಳದವರಿಗೆ ಬಿಎಸ್‌ಎಫ್, ಸಿಆರ್‌ಪಿಎಫ್‌ನಾಗ ಮೀಸಲಾತಿ ಐತಿ, ಅಲ್ಲಿನೂ ಪರೀಕ್ಷಾ ಬರದ ಗೆಲ್ಲಬೇಕು.
– ಮಾಜಿ ಹವಾಲ್ದಾರ್, ಹಾನಗಲ್ಲ

ರೊಕ್ಕದ ಬಗ್ಗೆ ಯಾರೂ ಮಾತಾಡ್ಲಿಲ್ಲ. ಮೊದಲನೇ ವರ್ಷ ಪಗಾರ 30,000, ಕೈಗೆ 21,000, ಉಳದ 9,000 ಸೇವಾ ನಿಧಿಗೆ (ಹೊರಗ ಬರೂ ಮುಂದ ಕೊಡೂ ಗಂಟಿಗೆ), ಅಷ್ಟ ಸರಕಾರನೂ ಹಾಕ್ತೈತಿ, ನಾಕ್ ವರ್ಷಕ್ಕ ಬಡ್ಡಿ ಸೇರಿ ಹತ್ತತ್ರ 11.71 ಲಕ್ಷ, ಟ್ಯಾಕ್ಸ್ ಇಲ್ಲ. ನಡುವ ಬ್ಯಾಸತ್ತು ತಾನಾಗಿ ಬಿಟ್ಟು ಬಂದ್ರ ಸರಕಾರದ ಪಾಲು ಸಿಗಂಗಿಲ್ಲ. ರೊಕ್ಕ ಬಂದ ದಿನಾನ ಮನ್ಯಾಗ ಟ್ರ್ಯಾಕ್ಟರ್ ಮಾತು, ತಂಗಿ ಮದುವಿ ಮಾತು ಸುರು ಆಗ್ತಾವ, ಅವನ ಓದಿಗೆ ಅಂತ ಒಂದ್ ಪಾಲು ಈಗ ಮಾತಾಡಿ ಇಟ್ಕೊಳ್ರಿ.
– ಸೊಸೈಟಿ ಕ್ಲರ್ಕ್, ಹುಬ್ಬಳ್ಳಿ

ಎಲ್ಲಾರೂ ಬರೇ ನೌಕರಿ ಲೆಕ್ಕಾ ಹೇಳಾತೀರಿ. 2016ರಾಗ ಸಿಯಾಚಿನ್ ಹಿಮದಾಗ ಸಿಕ್ಕೊಂಡು ಆಮ್ಯಾಲೆ ಜೀವ ಬಿಟ್ಟ ಸೈನಿಕ ಹನುಮಂತಪ್ಪ ಕೊಪ್ಪದ ನಮ್ಮ ತಾಲ್ಲೂಕಿನ ಬೆಟದೂರಿನವ್ರ. ಹುಡುಗ ಅದನ್ನೂ ಗೊತ್ತಿದ್ದ ಹೊಂಟಾನೋ ಇಲ್ಲೋ, ಒಮ್ಮೆ ಕುಂದ್ರಿಸ್ಕೊಂಡು ಕೇಳ್ರಿ.
– ರೈತ, ಕುಂದಗೋಳ

ಕಾಕೂ, ಕೋಚಿಂಗ್ ಮಾತ್ರ ಬಿಡಸಬ್ಯಾಡ್ರಿ. ಅಗ್ನಿವೀರ್‌ಗೂ ಮೊದ್ಲು ಆನ್‌ಲೈನ್ ಪರೀಕ್ಷಾ, ಪಾಸಾದವರಿಗಷ್ಟ ಮೈದಾನದ ಓಟ-ಕಸರತ್ತಿನ ರ‍್ಯಾಲಿ. 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡಿನಾಗ ಓಡಿದ್ರ 60 ಮಾರ್ಕ್ಸ್, 10 ಪುಲ್‌ಅಪ್‌ಗೆ 40, ಇವೆಲ್ಲಾ ನಮ್ಮ ಹುಡುಗ್ರಿಗೆ ಬಾಯಿಪಾಠ, ಕೆಸಿಡಿ ಕಾಲೇಜ್ ಗ್ರೌಂಡಿನಾಗ ನಸುಕಿನ್ಯಾಗ ಶೂದಾಗ ಕೆಂಪು ಮಣ್ಣು ತುಂಬ್ಕೊಂಡು ಓಡ್ತಾರ, ಗಣಿತದ ಪುಸ್ತಕ ಮಾತ್ರ ಕಟ್ಟಿ ಮ್ಯಾಲೆ ತೆರಿಲಾರ್ದ ಬಿದ್ದಿರತೈತಿ. ಇನ್ನ ಸೇರಿದಮ್ಯಾಲೆ ಇಗ್ನೋ ಮುಕ್ತ ವಿವಿದಾಗ ಅಗ್ನಿವೀರರಿಗಂತನ ಡಿಗ್ರಿ ಐತಿ, ಸರ್ವಿಸ್‌ನಾಗಿನ ಟ್ರೇನಿಂಗಿಗೆ ಅರ್ಧ ಕ್ರೆಡಿಟ್ ಕೊಡ್ತಾರ, ಅದನ್ನ ಮುಗಿಸ್ಕೊಂಡ ಬಾ ಅನ್ರಿ, ಯಾಕಂದ್ರ ಪಿಎಸ್‌ಐ, ಪಿಡಿಒ ಎರಡಕ್ಕೂ ಡಿಗ್ರಿ ಕೇಳ್ತಾರ, ಬರೇ ಪಿಯುಸಿ ಇಟ್ಕೊಂಡು ಬಂದ್ರ ಮತ್ತ ಕೋಚಿಂಗ್ ಹುಡುಗ್ರು ಇರೂ ಇದ ಸಪ್ತಾಪುರದ ರೂಮಿಗೆ ಬಾಡಿಗಿ ಕಟ್ಟಬೇಕಾಗ್ತೈತಿ.
– ಪಿಎಸ್‌ಐ ತಯಾರಿಯಲ್ಲಿರುವಾಕಿ, ಧಾರವಾಡ