ಅನೌನ್ಸರ್ ಕನ್ಸೋಲ್: ಕೆಮ್ಮಿ ಬಟನ್ ಬಿಟ್ರೆ ಒಂದೊಂದ್ಸಲ ಮೈಕ್ ವಾಪಸ್ ಬರಲ್ಲ, ಯಾವ ಮೋಡಲ್ಲಿ ಇಡ್ಬೇಕು?

ಮಲ್ನಾಡ್ ಲೈವ್, ಚಿಕ್ಕಮಗಳೂರು:
ನಮಸ್ಕಾರ ಎಲ್ರಿಗೂ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಬಡ್ಡಿ, ವಾಲಿಬಾಲ್ ಟೂರ್ನಮೆಂಟ್ ಯೂಟ್ಯೂಬ್ ಲೈವ್ ಮಾಡ್ತೀವಿ. ಇಷ್ಟು ದಿನ ಕಾಮೆಂಟರಿ ಮೈಕ್ ಸೀದಾ ಮಿಕ್ಸರ್‌ಗೆ ಹೋಗ್ತಿತ್ತು, ಈಗ ಸೆಕೆಂಡ್ ಹ್ಯಾಂಡ್ ಅನೌನ್ಸರ್ ಕನ್ಸೋಲ್ (ಕಾಮೆಂಟರಿ ಹೇಳೋರ ಮುಂದೆ ಇಡೋ ಮೈಕ್ ಬಾಕ್ಸ್) ಒಂದು ಸಿಕ್ತು ಅಂತ ತಗೊಂಡಿದೀವಿ, ಮೈಕ್ ಆನ್ ಆಫ್‌ಗೆ ಒಂದು ಮೇನ್ ಬಟನ್, ಲೈವ್‌ಗೆ ಹೋಗ್ದೇ ನಮ್ಮವರ ಜೊತೆ ಮಾತ್ರ ಮಾತಾಡಕ್ಕೆ ಒಂದು ಟಾಕ್‌ಬ್ಯಾಕ್ ಬಟನ್, ಅಡಿಯಲ್ಲಿ ಸೆಟ್ಟಿಂಗ್ ಬದಲಾಯಿಸೋ ಪುಟ್ಟ ಡಿಪ್ ಸ್ವಿಚ್ ಸಾಲು, ಮ್ಯಾನ್ಯುಯಲ್ ಇಲ್ಲ. ತೊಂದ್ರೆ ಎಂತ ಅಂದ್ರೆ ಕಾಮೆಂಟರಿ ಹೇಳೋರು ಕೆಮ್ಮು ಬಂದಾಗ ಮೇನ್ ಬಟನ್ ಒತ್ತಿ ಬಿಡ್ತಾರೆ, ಒಂದೊಂದ್ಸಲ ಮೈಕ್ ತಾನಾಗೇ ವಾಪಸ್ ಬರುತ್ತೆ, ಒಂದೊಂದ್ಸಲ ಬರಲ್ಲ, ಅವರು ಪಾಪ ಕೂಗ್ತಾನೇ ಇರ್ತಾರೆ ಲೈವ್‌ನಲ್ಲಿ ಏನೂ ಕೇಳಲ್ಲ. ಎರಡ್ನೇದು, ಟಾಕ್‌ಬ್ಯಾಕ್ ಒತ್ಕೊಂಡು ನಮ್ಮ ಹುಡುಗನಿಗೆ "ಲೇ ಸ್ಕೋರ್ ತಪ್ಪಾಗಿದೆ ಸರಿ ಮಾಡೋ" ಅಂದಿದ್ದು ಪೂರ್ತಿ ಲೈವ್ ಹೋಗಿದೆ. ಬಾಕ್ಸೇ ಕೆಟ್ಟಿದ್ಯಾ ಅಥವಾ ಸೆಟ್ಟಿಂಗಾ?

ಸೌಂಡ್ ಚೆಕ್, ಹಾಸನ:
ಬಾಕ್ಸ್ ಸರಿಯಾಗೇ ಇರ್ಬೇಕು ಗುರು. ನೀವು ಹೇಳ್ತಿರೋ ಒಂದೊಂದ್ಸಲ ಅನ್ನೋದೇ ಸುಳಿವು, ಮೇನ್ ಬಟನ್ ಹೈಬ್ರಿಡ್ ಮೋಡಲ್ಲಿದೆ. ಅದರಲ್ಲಿ ಒತ್ತಿ ಹಿಡ್ಕೊಂಡ್ರೆ ಹಿಡ್ದಿರೋ ಅಷ್ಟು ಹೊತ್ತು ಮಾತ್ರ ಮ್ಯೂಟ್, ಬಿಟ್ಟ ತಕ್ಷಣ ವಾಪಸ್. ಚಕ್ ಅಂತ ತಟ್ಟಿ ಬಿಟ್ರೆ ಮಾತ್ರ ಲ್ಯಾಚ್ ಆಗುತ್ತೆ, ಮತ್ತೆ ತಟ್ಟೋ ತನಕ ಬಾಯಿ ಮುಚ್ಕೊಂಡೇ ಇರುತ್ತೆ. ಉದ್ದ ಕೆಮ್ಮಿಗೆ ಮೈಕ್ ವಾಪಸ್ ಬರುತ್ತೆ, ಗಂಟಲು ಸರಿ ಮಾಡ್ಕೊಳಕ್ಕೆ ಒಂದು ತಟ್ಟು ಕೊಟ್ರೆ ಬರಲ್ಲ, ಬೇಕಿದ್ರೆ ಗಮನಿಸಿ ನೋಡಿ. ಕಬಡ್ಡಿಯಲ್ಲಿ ರೈಡರ್ ಒಳಗಿದ್ದಾಗ ಮೈಕ್ ಆನ್ ಇದ್ಯಾ ಅಂತ ಬಟನ್ ಲೈಟ್ ನೋಡ್ಕೊಂಡು ಕೂರೋರು ಯಾರು ಹೇಳಿ. ಪುಶ್ ಟು ಮ್ಯೂಟ್‌ಗೆ ಹಾಕ್ಬಿಡಿ, ಆಗ ಬೆರಳು ತೆಗೆದ್ರೆ ಮೈಕ್ ಆನ್, ಬೇರೆ ಸ್ಥಿತಿನೇ ಇಲ್ಲ. ಟಾಕ್‌ಬ್ಯಾಕ್‌ಗೆ ಪುಶ್ ಟು ಟಾಕ್, ಅದೂ ಅಷ್ಟೇ, ಬೆರಳು ತೆಗೆದ್ರೆ ಬಂದ್. ಯಾರು ಬಂದು ಕೂತ್ರೂ ಬಟನ್ ಬಿಟ್ಟಾಗ ಕಾಮೆಂಟರಿ ಹೋಗ್ತಿರ್ಬೇಕು, ಅಷ್ಟು ನೋಡ್ಕೊಂಡ್ರೆ ಸಾಕು.

ಕೇಬಲ್ ಸುತ್ತೋನು:
ಎರಡ್ನೇ ತೊಂದ್ರೆಗೆ ಮೊದ್ಲು ಒಂದು ಕೆಲಸ ಮಾಡಿ. ಟಾಕ್‌ಬ್ಯಾಕ್ ಒತ್ತಿ ಹಿಡ್ಕೊಂಡು ಮೇನ್ ಬಟನ್ ಲೈಟ್ ನೋಡಿ. ಲೈಟ್ ಹಂಗೇ ಉರೀತಿದ್ರೆ ಬಾಕ್ಸ್ ಪ್ರೊಡಕ್ಷನ್ ಮೋಡಲ್ಲಿದೆ ಅಂತ ಅರ್ಥ, ಅಲ್ಲಿ ಎರಡೂ ಬಟನ್ ಬೇರೆ ಬೇರೆ ದಾರಿ, ಒಂದಕ್ಕೊಂದು ಸಂಬಂಧ ಇಲ್ಲ. ಅದು ಫ್ಲೋರ್ ಮ್ಯಾನೇಜರ್‌ಗೋ ಸ್ಕೋರರ್‌ಗೋ ಎರಡು ಕಡೆ ಮಾತಾಡಕ್ಕೆ ಬಾಕ್ಸ್ ಕೊಟ್ಟಾಗ ಉಪಯೋಗ. ಕಾಮೆಂಟರಿಗೆ ಬೇಕಾಗಿರೋದು ಆನ್ ಏರ್ ಮೋಡ್, ಅದರಲ್ಲಿ ಟಾಕ್‌ಬ್ಯಾಕ್ ಒತ್ತಿದ ಕೂಡ್ಲೇ ಮೇನ್ ಔಟ್‌ಪುಟ್ ತಾನಾಗೇ ಮ್ಯೂಟ್ ಆಗುತ್ತೆ.
ಲೈಟ್ ಆರಿ ಹೋದ್ರೂ ದನಿ ಲೈವ್ ಹೋಗ್ತಿದ್ರೆ ಬಾಕ್ಸ್ ಮುಟ್ಬೇಡಿ ಮಾರಾಯ್ರೇ, ಮಿಕ್ಸರ್ ಹತ್ರ ಹೋಗಿ. ಟಾಕ್‌ಬ್ಯಾಕ್ ಕೇಬಲ್ ಒಂದು ಚಾನೆಲ್‌ಗೆ ಚುಚ್ಚಿರ್ತೀರಿ, ಆ ಚಾನೆಲ್ ಮೇನ್ ಮಿಕ್ಸ್‌ಗೂ ಅಸೈನ್ ಆಗಿರುತ್ತೆ. ಆ ಚಾನೆಲ್ ಫೇಡರ್ (ದನಿ ಏರಿಸಿ ಇಳಿಸೋ ಜಾರುಗುಂಡಿ) ಪೂರ್ತಿ ಕೆಳಗೆ ಹಾಕಿ, ಪ್ರಿ ಫೇಡರ್ ಆಕ್ಸ್‌ನಿಂದ (ಫೇಡರ್‌ಗಿಂತ ಮೊದ್ಲೇ ದನಿ ತಗೊಳ್ಳೋ ಬೇರೆ ಔಟ್‌ಪುಟ್) ಹುಡುಗನ ಹೆಡ್‌ಫೋನ್‌ಗೆ ಕೊಡಿ. ಪೋಸ್ಟ್ ಫೇಡರ್ ಆಕ್ಸ್ ಆದ್ರೆ ಫೇಡರ್ ಜೊತೆ ಅದೂ ಸತ್ತೋಗುತ್ತೆ. ಮೈಕ್‌ನಿಂದಲೇ ವೈ ಕೇಬಲ್ ಹಾಕಿ ಒಂದು ಕವಲು ಸೀದಾ ಮಿಕ್ಸರ್‌ಗೆ ಬಿಟ್ಟಿದ್ರೂ ಇದೇ ಕಥೆ, ಬಾಕ್ಸ್ ಮ್ಯೂಟ್ ಆದ್ರೂ ಆ ಕವಲು ಮ್ಯೂಟ್ ಆಗಲ್ಲ.

ಪಿಚ್ ರಿಪೋರ್ಟ್:
ನಂದು ಸ್ವಲ್ಪ ಬೇರೆ ಅಭಿಪ್ರಾಯ. ಕ್ರಿಕೆಟ್ ಆದ್ರೆ ಮಳೆ ಬಂದು ಆಟ ನಿಂತಾಗ (ನಮ್ಮಲ್ಲಿ ನಿಲ್ದೇ ಇರೋದೇ ಅಪರೂಪ) ಅಷ್ಟು ಹೊತ್ತು ಬಟನ್ ಹಿಡ್ಕೊಂಡು ಕೂರಕ್ಕಾಗುತ್ತಾ? ನಾವು ಲ್ಯಾಚ್‌ನಲ್ಲೇ ಇಟ್ಟಿದೀವಿ, ಅಭ್ಯಾಸ ಆಗಿರೋರಿಗೆ ತೊಂದ್ರೆ ಇಲ್ಲ.

ಸೌಂಡ್ ಚೆಕ್, ಹಾಸನ:
ನಿಮ್ಮಲ್ಲಿ ಯಾವಾಗ್ಲೂ ಅದೇ ಇಬ್ರು ಕೂರೋದಾದ್ರೆ ಸರಿ. ಊರಿನ ಟೂರ್ನಮೆಂಟಲ್ಲಿ ಮಧ್ಯ ಮಧ್ಯ ಮೇಷ್ಟ್ರು ಬಂದು ಕೂತ್ಕೋತಾರೆ, ಆಮೇಲೆ ಸ್ಪಾನ್ಸರ್ ಬರ್ತಾರೆ, ಅವರಿಗೆಲ್ಲ ಲ್ಯಾಚ್ ಪಾಠ ಮಾಡ್ತಾ ಕೂರಕ್ಕಾಗಲ್ಲ. ಮಳೆಗೆ ನಿಂತಾಗ ಮಿಕ್ಸರ್ ಮೇಲಿರೋನು ಫೇಡರ್ ಇಳಿಸ್ಲಿ ಬಿಡಿ.

ಮಲ್ನಾಡ್ ಲೈವ್, ಚಿಕ್ಕಮಗಳೂರು:
ಸಾರ್ ಈಗಷ್ಟೇ ನೋಡ್ದೆ, ಟಾಕ್‌ಬ್ಯಾಕ್ ಒತ್ತಿದ್ರೆ ಮೇನ್ ಲೈಟ್ ಆರುತ್ತೆ. ಮಿಕ್ಸರ್‌ನಲ್ಲಿ ಟಾಕ್‌ಬ್ಯಾಕ್ ಚಾನೆಲ್ ಫೇಡರ್ ಮೇಲೇ ಇತ್ತು, ಇಳಿಸಿ ಆಕ್ಸ್‌ನಿಂದ ಕೊಟ್ಟೆ, ಲೈವ್‌ನಲ್ಲಿ ಈಗ ಕೇಳ್ತಿಲ್ಲ. ಕೆಮ್ಮಿಂದೂ ನೀವು ಹೇಳಿದ ಹಾಗೇನೇ, ತಟ್ಟಿದ್ರೆ ಲ್ಯಾಚ್, ಹಿಡಿದ್ರೆ ಇಲ್ಲ. ಆದ್ರೆ ಡಿಪ್ ಸ್ವಿಚ್ ಮೇಲೆ ಬರೀ ನಂಬರ್ ಇದೆ, ಯಾವುದು ಯಾವುದಕ್ಕೆ ಅಂತ ಬರ್ದಿಲ್ಲ. ಇನ್ನೊಂದು, ಕಾಮೆಂಟರಿ ಹೇಳೋರು ತುಂಬಾ ಕಿರುಚ್ತಾರೆ, ಗೇನ್ (ಮೈಕ್ ದನಿನ ಎಷ್ಟು ಹಿಗ್ಗಿಸ್ಬೇಕು ಅನ್ನೋದು) ಕಮ್ಮಿ ಮಾಡ್ಲಾ?

ಕೇಬಲ್ ಸುತ್ತೋನು:
ನಂಬರ್ ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಅಂದಾಜಲ್ಲಿ ಹೇಳಲ್ಲ. ಕಂಪನಿ ವೆಬ್‌ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕಿ, ಪಿಡಿಎಫ್ ಸಿಗ್ಬಹುದು. ಈಗಿರೋ ಸ್ವಿಚ್ ಸಾಲಿನ ಫೋಟೋ ತೆಗೆದಿಟ್ಕೊಂಡೇ ಕೈ ಹಾಕಿ, ಆ ಸಾಲಲ್ಲೇ 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕ್‌ಗೆ ಕೇಬಲ್‌ನಲ್ಲೇ ಕೊಡೋ ಕರೆಂಟ್), ಗೇನ್ ಸ್ವಿಚ್ ಕೂಡ ಇರ್ಬಹುದು. ಬದಲಾಯಿಸಿದ ಮೇಲೆ ಒಂದ್ಸಲ ಪವರ್ ತೆಗ್ದು ಹಾಕಿ ನೋಡಿ.
ಕಿರುಚೋದಕ್ಕೆ ಗೇನ್ ಆಮೇಲೆ, ಮೊದ್ಲು ಸೈಡ್‌ಟೋನ್, ಅಂದ್ರೆ ಹೆಡ್‌ಫೋನ್‌ನಲ್ಲಿ ಅವರಿಗೆ ಕೇಳೋ ಅವರದ್ದೇ ದನಿ, ಜಾಸ್ತಿ ಮಾಡಿ. ಹೆಡ್‌ಫೋನ್‌ನಲ್ಲಿ ಅವರ ದನಿ ಅವರಿಗೇ ಕೇಳ್ದೇ ಇದ್ರೆ ಯಾರಾದ್ರೂ ಕಿರುಚ್ತಾರೆ, ಅದೂ ಪಕ್ಕದಲ್ಲಿ ಜನ ಶಿಳ್ಳೆ ಹೊಡೀತಿದ್ರೆ ಕೇಳ್ಬೇಕಾ. ಅವರು ಮೆತ್ತಗಾದ ಮೇಲೆ, ಜನ ಸೇರಿರೋ ಹೊತ್ತಲ್ಲೇ ಗೇನ್ ಕೂರಿಸಿ, ಖಾಲಿ ಮೈದಾನದಲ್ಲಿ ಕೂರಿಸಿದ ಗೇನ್ ಸಂಜೆಗೆ ನಿಲ್ಲಲ್ಲ.