ಊರ ಶಾಸನಗಳ ಜಾಲತಾಣ ಹುಡುಕಿದರೂ ಸಿಗುತ್ತಿಲ್ಲ, ಏನು ಮಾಡಬಹುದು?

ಪ್ರಶ್ನೆ (ಹಾಸನದಿಂದ)

ನಮಸ್ಕಾರ. ಹಾಸನದ ಸುತ್ತಲಿನ ಹಳ್ಳಿಗಳ ಗುಡಿಗಳಲ್ಲಿರುವ ಶಾಸನಗಳನ್ನೂ ವೀರಗಲ್ಲುಗಳನ್ನೂ ಓದಿ, ಅವುಗಳ ಪಾಠವನ್ನು ಪಿಡಿಎಫ್ ಮಾಡಿ ನನ್ನದೊಂದು ಜಾಲತಾಣದಲ್ಲಿ ಹಾಕುತ್ತ ಬಂದು ಒಂಬತ್ತು ವರ್ಷಗಳಾದವು. ಅದರಲ್ಲಿ ಜಾಹೀರಾತಿಲ್ಲ, ಡೊಮೇನಿನ ಖರ್ಚು ನನ್ನ ಪಿಂಚಣಿಯಿಂದಲೇ ಹೋಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ, ಇನ್ನಾದರೂ ಓದುವವರು ಬಂದಾರು ಎಂದು ಸಂತೋಷಪಟ್ಟಿದ್ದೆ. ಈಗ ಕೋರವಂಗಲದ ಬೂಚೇಶ್ವರನ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದು ಪ್ರವಾಸದ ಪ್ಯಾಕೇಜು, ಹೋಂಸ್ಟೇ ಬುಕಿಂಗು, ಒಬ್ಬರದನ್ನು ನೋಡಿ ಒಬ್ಬರು ಬರೆದ ಅದೇ ನಾಲ್ಕು ಸಾಲು. 1173ರ ಆ ಗುಡಿಯ ಶಾಸನವನ್ನು ಸಾಲುಸಾಲಾಗಿ ಬಿಡಿಸಿಟ್ಟ ನನ್ನ ಪುಟದ ಸುಳಿವೇ ಇಲ್ಲ. ದುಡ್ಡು ಕೊಟ್ಟು ಮುಂದೆ ಬರುವ ಮನಸ್ಸೂ ಇಲ್ಲ, ಶಕ್ತಿಯೂ ಇಲ್ಲ. ಬೇರೆ ದಾರಿ ಉಂಟೇ?

ಉತ್ತರ 1 (ಚಿಕ್ಕಮಗಳೂರಿನಿಂದ)

ಸರ್, ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಮುಳ್ಳಯ್ಯನಗಿರಿಯ ತಪ್ಪಲಿನ ಹಕ್ಕಿಗಳ ಬಗ್ಗೆ ನಾನು ಬರೆದಿಟ್ಟ ಪುಟಗಳಲ್ಲಿ ಹೀಗೆ ಮಾಡಿದಾಗ, 'ನ' ಇರಬೇಕಾದ ಕಡೆಯಲ್ಲೆಲ್ಲ ಪೌಂಡ್ ಗುರುತು ಬಂದಿತ್ತು. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರ ಫಲ ಅದು. ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಂಡರೂ, ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾದ್ದರಿಂದ ಗೂಗಲ್‌ಗೆ ಅದು ಕನ್ನಡವೆಂದೇ ತಿಳಿಯುವುದಿಲ್ಲ. ನಮ್ಮ ಭಾಷೆಯ ಎಷ್ಟೋ ಒಳ್ಳೆಯ ಬರಹ ಹೀಗೆ ಮರೆಯಾಗಿ ಉಳಿದಿರುವುದು ನನಗೆ ಬಹಳ ನೋವಿನ ಸಂಗತಿ.

ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಅಕ್ಷರಸಂಕೇತವಾದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳು ತಪ್ಪಿಹೋಗಬಹುದು. ಶಾಸನದಲ್ಲಿ ಱ, ೞ ಕೂಡ ಬರುವುದರಿಂದ ಕರಡು ತಿದ್ದುವ ಕೆಲಸವನ್ನು ಬೇರೆಯವರಿಗೆ ಬಿಡಬೇಡಿ. ಪಾಠವನ್ನು ಪಿಡಿಎಫ್‌ನಲ್ಲಿ ಮಾತ್ರ ಇಡದೆ ಪುಟದಲ್ಲಿಯೇ ಹಾಕಿ, 'ಶಾಸನ 14' ಎಂಬಂಥ ಶೀರ್ಷಿಕೆಯ ಬದಲು ಊರು, ಗುಡಿ, ಇಸವಿ ಮೂರನ್ನೂ ಬರೆಯಿರಿ. ಜಾಲತಾಣದ ಒಡೆಯರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸಲ್ಲಿಸುವುದಕ್ಕೂ ಹಣ ಬೇಡ.

ಉತ್ತರ 2 (ಬೇಲೂರಿನಿಂದ)

ಮೇಲಿನವರ ಮಾತು ಸರಿ, ಆದರೆ ಅಷ್ಟರಿಂದಲೇ ಪುಟ ಮೇಲೇರುವುದಿಲ್ಲ. 1998ರಲ್ಲಿ ಗೂಗಲ್ ಶುರುವಾದಾಗಿನಿಂದಲೂ ಒಂದು ಪುಟಕ್ಕೆ ಬೇರೆ ಯಾರು ಕೊಂಡಿ ಕೊಟ್ಟಿದ್ದಾರೆ ಎಂಬುದಕ್ಕೆ ತೂಕವಿದೆ. ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದಂತೆ, ಇತಿಹಾಸ, ಹಕ್ಕಿ, ಜನಪದ ಎಂದು ಲಾಭದ ಆಸೆಯಿಲ್ಲದೆ ಬರೆಯುವವರು ಒಬ್ಬರ ಪುಟವನ್ನು ಓದಿ, ಮೆಚ್ಚಿದ್ದನ್ನು ಮಾತ್ರ, ಏಕೆ ಮೆಚ್ಚಿದೆವೆಂದು ಎರಡು ಸಾಲು ಬರೆದು ಇನ್ನೊಬ್ಬರು ಕೊಂಡಿ ಕೊಡಬೇಕು. ಓದದೆ ಬರೀ ಪಟ್ಟಿ ಮಾಡಿ ಹಾಕಿದರೆ ಯಾರಿಗೂ ಉಪಯೋಗವಿಲ್ಲ. ವಿಕಿಪೀಡಿಯದಲ್ಲಿ ನಿಮ್ಮ ಕೊಂಡಿಯನ್ನು ನೀವೇ ಸೇರಿಸಬೇಡಿ. ಲೇಖನದ ಚರ್ಚೆಪುಟದಲ್ಲಿ ತಿಳಿಸಿ. 2007ರಿಂದ ಅಲ್ಲಿನ ಹೊರಕೊಂಡಿಗಳಿಗೆ 'ನೋಫಾಲೋ' (ಈ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ) ಗುರುತಿದೆ, ಆದ್ದರಿಂದ ಹುಡುಕಾಟದ ಸ್ಥಾನಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ನಿಜವಾದ ಓದುಗರು ಆ ದಾರಿಯಲ್ಲಿ ಬರುತ್ತಾರೆ, ನಿಮಗೆ ಬೇಕಾದವರೂ ಅವರೇ ಅಲ್ಲವೇ?

ಉತ್ತರ 3 (ಸಕಲೇಶಪುರದಿಂದ)

ಇದರ ಜೊತೆಗೆ ಪ್ರತಿ ಪುಟವನ್ನೂ ಇಂಟರ್ನೆಟ್ ಆರ್ಕೈವ್‌ನ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಡಿ. ಪುಟ ಕಟ್ಟಲು ಉಚಿತವಾಗಿ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ ತಾಣ 2009ರಲ್ಲಿ ಮುಚ್ಚಿದಾಗ ಜನ ತಾವೇ ಕಟ್ಟಿದ ಅಸಂಖ್ಯ ಪುಟಗಳು ಮೂಲ ವಿಳಾಸದಿಂದ ಅಳಿದುಹೋದವು. ಡೊಮೇನಿನ ಹಣ ಕಟ್ಟುವುದು ಒಂದು ವರ್ಷ ತಪ್ಪಿದರೂ ನಿಮ್ಮ ಶ್ರಮಕ್ಕೆ ಅದೇ ಗತಿ ಬರಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಂಟಿಸಿ ನೋಡಿದೆ. ಮೊಸಳೆ ಗ್ರಾಮದ ಜೋಡಿ ಗುಡಿಗಳ ಪಾಠ ಸರಿಯಾಗಿಯೇ ಬಂತು, ಅದನ್ನು ಈಚೆಗೆ ಮೊಬೈಲಿನಲ್ಲಿ ಬರೆದದ್ದು. ಹಳೆಯವುಗಳಲ್ಲೆಲ್ಲ ಪೌಂಡ್ ಗುರುತೇ. ಇವತ್ತು ಸಂಜೆ ಕೋರವಂಗಲದಿಂದ ತಿದ್ದಲು ಕೂರುತ್ತೇನೆ. ಚಿಕ್ಕಮಗಳೂರಿನವರು ತಮ್ಮ ಹಕ್ಕಿಗಳ ಪುಟದ ವಿಳಾಸ ಕಳಿಸಿದರೆ ಓದುತ್ತೇನೆ.